ಚಳಿಗಾಲದ ಲಾರಿಯ ಬಿಳಿ ಹೊಗೆ

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಮೈಸೂರು ಸೀಮೆಗೆ ಪೂರ್ವದಿಕ್ಕಿನ ದ್ವಾರ. ಒಂದು ಕಾಲಕ್ಕೆ ದಂಡು ದಾಳಿಗಳು ಹಾದುಹೋದ ಆ ಬಾಗಿಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಲಾರಿಗಳ ಪಾಲಾಯಿತು. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಬಂದ ಕಿರುರೈಲಿನ ಹಳಿ ಶ್ರೀನಿವಾಸಪುರ, ಚಿಂತಾಮಣಿಗಳತ್ತ ಮುಂದುವರಿದಿತ್ತಾದರೂ, ಮಾಲೂರಿನ ಹೆಂಚು ಇಟ್ಟಿಗೆಗಳಿಗೂ ಶ್ರೀನಿವಾಸಪುರದ ಮಾವಿಗೂ ಮನೆಬಾಗಿಲಿಗೆ ಬರುವ ಲಾರಿಯೇ ಹೆಚ್ಚು ಒದಗಿತು.

1954ರಲ್ಲಿ ಟೆಲ್ಕೊ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಆ ಒಪ್ಪಂದ 1969ರಲ್ಲಿ ಮುಗಿದರೂ ನಮ್ಮ ಕಡೆಯ ಹಿರಿಯ ಡ್ರೈವರುಗಳು ಬಹುಕಾಲ ಅದನ್ನು 'ಬೆಂಜ್ ಗಾಡಿ' ಎಂದೇ ಕರೆಯುತ್ತಿದ್ದರು. ಮದರಾಸಿನ ಅಶೋಕ್ ಲೇಲ್ಯಾಂಡ್ ಗಾಡಿಗಳೂ ಇದೇ ಹೆದ್ದಾರಿಯಲ್ಲಿ ಓಡಾಡಿದವು.

ಕೋಲಾರ ಸಮುದ್ರಮಟ್ಟಕ್ಕಿಂತ ಎಂಟುನೂರು ಮೀಟರಿಗೂ ಎತ್ತರದಲ್ಲಿದೆ. ಧನುರ್ಮಾಸದ ಬೆಳಗಿನಲ್ಲಿ ಲಾರಿ ಹೊರಡಿಸುವುದೆಂದರೆ ಅದೊಂದು ವ್ರತ. ರಾತ್ರಿಯೇ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಬ್ಯಾಟರಿ ಕೈಕೊಟ್ಟರೆ ಕಲ್ಲು ತೆಗೆದು ಉರುಳಿಸಿ ಹೊರಡಿಸಬೇಕಲ್ಲವೆ? ಸೆಲ್ಫ್ ನಾಲ್ಕಾರು ಸಲ ನರಳಿದ ಮೇಲೆ ದಟ್ಟವಾದ ಬಿಳಿ ಹೊಗೆ ಹೊರಬೀಳುತ್ತಿತ್ತು. ಕಣ್ಣು ಉರಿಸುವ ಆ ಹೊಗೆ ಅಂತರಗಂಗೆ ಬೆಟ್ಟದ ತಪ್ಪಲಲ್ಲಿ ಬಹಳ ಹೊತ್ತು ಕದಲದೆ ನಿಂತಿರುತ್ತಿದ್ದುದನ್ನು ನಾನು ಎಷ್ಟೋ ಬೆಳಗು ಕಂಡಿದ್ದೇನೆ. ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳವಾಗಿ ಕೂತಿರುವಾಗ ಹೊಗೆಗೆ ಮೇಲೇರಲು ದಾರಿಯಿರುವುದಿಲ್ಲ.

ಇದನ್ನು ಹಲವರು ಇಬ್ಬನಿಯ ಆವಿ ಎಂದು ತಿಳಿಯುತ್ತಿದ್ದರು. ಆವಿಯಾದರೆ ಕ್ಷಣದಲ್ಲಿ ಕರಗುತ್ತದೆ, ವಾಸನೆಯೂ ಇರುವುದಿಲ್ಲ. ಇದು ಉರಿಯದೆ ಉಳಿದ ಡೀಸೆಲ್ಲಿನ ಸೂಕ್ಷ್ಮ ಹನಿಗಳ ಮಂಜು. ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿ ಹಚ್ಚುವ ಸಾಧನವಿಲ್ಲ. ಬಲವಾಗಿ ಒತ್ತಿದ ಗಾಳಿ ತಾನೇ ಕಾದು ಇಂಧನವನ್ನು ಹೊತ್ತಿಸಬೇಕು. ಚಳಿಯಲ್ಲಿ ಎಂಜಿನ್ನಿನ ತಣ್ಣನೆಯ ಕಬ್ಬಿಣ ಆ ಶಾಖವನ್ನು ಹೀರುತ್ತದೆ; ಆಯಿಲ್ ಗಟ್ಟಿಯಾಗಿ ಎಂಜಿನ್ ನಿಧಾನವಾಗಿ ತಿರುಗುತ್ತದೆ. ಸಿಂಪಡಿಸಿದ ಡೀಸೆಲ್ ಉರಿಯದೆ ಹಾಗೆಯೇ ಹೊರಬರುತ್ತದೆ. ಏರಿನಲ್ಲಿ ಹೆಚ್ಚು ಭಾರ ಎಳೆಯುವಾಗ ಕಾಣುವ ಕಪ್ಪು ಹೊಗೆಯ ಕಾರಣ ಬೇರೆ: ಅಲ್ಲಿ ಇಂಧನಕ್ಕೆ ಸಾಕಷ್ಟು ಗಾಳಿಯಿಲ್ಲ.

ಈ ಹೊಗೆಯನ್ನು ಅತಿ ಹತ್ತಿರದಿಂದ ಕುಡಿದವರು ಕ್ಲೀನರ್ ಹುಡುಗರು. ಏಳನೆಯ ತರಗತಿಗೇ ಶಾಲೆ ಬಿಟ್ಟು ಲಾರಿ ಸೇರಿದ ಮಕ್ಕಳಿದ್ದರು. ಎಂಜಿನ್ 'ಬಿಸಿಯಾಗಲಿ' ಎಂದು ಡ್ರೈವರು ಅರ್ಧ ಗಂಟೆ ಗಾಡಿ ಉರಿಸಿಟ್ಟು ಚಹಾಕ್ಕೆ ಹೋದಾಗ, ಗಾಜು ಒರೆಸುತ್ತ, ಟೈರು ತಟ್ಟಿ ನೋಡುತ್ತ ಆ ಮಂಜಿನೊಳಗೇ ಇರುತ್ತಿದ್ದವರು ಅವರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ಖಚಿತಪಡಿಸಿದ್ದು 2012ರಲ್ಲಿ. ಅಷ್ಟರಲ್ಲಿ ಆ ಹುಡುಗರಲ್ಲಿ ಅನೇಕರು ನಡುವಯಸ್ಸು ದಾಟಿದ್ದರು. ಖಾಲಿ ಉರಿಸುವುದಕ್ಕಿಂತ ನಿಧಾನವಾಗಿ ಓಡಿಸಿದರೆ ಎಂಜಿನ್ ಬೇಗ ಬಿಸಿಯಾಗುತ್ತದೆ ಎಂಬ ಸರಳ ಸಂಗತಿಯನ್ನು ಅವರಿಗೆ ಯಾರೂ ಹೇಳಿಕೊಡಲಿಲ್ಲ.

2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6 ನಿಯಮ ಬಂದು, ಡೀಸೆಲ್ಲಿನ ಗಂಧಕ ಹತ್ತು ಪಿಪಿಎಂಗೆ ಇಳಿದಿದೆ. ಹೊಸ ಲಾರಿಗಳು ಮಸಿ ಸೋಸುತ್ತವೆ, ಯೂರಿಯಾ ದ್ರಾವಣ ಸಿಂಪಡಿಸಿ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುತ್ತವೆ. ಆದರೆ ಆ ಯೂರಿಯಾ ವ್ಯವಸ್ಥೆ ಕೆಲಸ ಆರಂಭಿಸುವುದೂ ಹೊಗೆಕೊಳವೆ ಕಾದ ಮೇಲೆಯೇ. ನಸುಕಿನ ಮೊದಲ ಕೆಲವು ನಿಮಿಷಗಳು ಹೊಸ ಗಾಡಿಗೂ ಕಷ್ಟದವೇ.