ಅಲೆಯ ಎತ್ತರವನ್ನು ಓದಿ ಹೇಳಿದ ಧ್ವನಿವರ್ಧಕ

ಇತಿಹಾಸವೆಂದರೆ ಅರಸರ ಮತ್ತು ಯುದ್ಧಗಳ ವೃತ್ತಾಂತವಷ್ಟೇ ಅಲ್ಲವೆಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಇಂದು ಬರೆಯಹೊರಟಿರುವುದು ತೀರ ಈಚಿನ ಇತಿಹಾಸ. ಅಂತರಜಾಲವೆಂಬುದು ಪಟ್ಟಣಿಗರಿಗೇ ಅಪರೂಪವಾಗಿದ್ದ ಕಾಲದಲ್ಲಿ ಅದನ್ನು ಹಳ್ಳಿಯ ಸಾರ್ವಜನಿಕ ಸ್ವತ್ತಾಗಿಸಲು ನಡೆದ ಒಂದು ಪ್ರಯತ್ನದ ಕಥೆಯಿದು.

1998ರಲ್ಲಿ ಚೆನ್ನೈನ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವು ಕೆನಡಾದ ನೆರವಿನಿಂದ ಪುದುಚೇರಿಯ ಸುತ್ತಲಿನ ಹಳ್ಳಿಗಳಲ್ಲಿ 'ಗ್ರಾಮ ಜ್ಞಾನ ಕೇಂದ್ರ'ಗಳನ್ನು ಆರಂಭಿಸಿತು. ಯಂತ್ರಗಳನ್ನು ತಂದಿಳಿಸುವ ಮೊದಲು ಊರಿನವರಿಗೆ ಯಾವ ಮಾಹಿತಿ ಬೇಕೆಂದು ಕೇಳಿ ತಿಳಿದುಕೊಂಡರು. ಜನ ಕೇಳಿದ್ದು ಧಾನ್ಯದ ಧಾರಣೆ, ಸರ್ಕಾರದ ಸವಲತ್ತುಗಳು, ಆರೋಗ್ಯದ ವಿಷಯಗಳು. ವಿಲ್ಲಿಯನೂರು ಎಂಬ ಊರು ಕೇಂದ್ರಸ್ಥಾನವಾಯಿತು. ದೂರವಾಣಿ ತಂತಿಯ ಮೂಲಕ ಅಲ್ಲಿಗೆ ಬಂದ ಮಾಹಿತಿಯು ತಮಿಳಿಗೆ ತಿರುಗಿ, ನಿಸ್ತಂತು ಸಲಕರಣೆಗಳ ಮೂಲಕ ಉಳಿದ ಹಳ್ಳಿಗಳನ್ನು ತಲುಪುತ್ತಿತ್ತು. ವಿದ್ಯುತ್ತು ಕೈಕೊಟ್ಟಾಗ ಸೌರಫಲಕಗಳು ನೆರವಾಗುತ್ತಿದ್ದವು.

ಕೇಂದ್ರಕ್ಕೆ ಸ್ಥಳ ಒದಗಿಸಬೇಕಾದವರು ಊರಿನವರೇ. ಆದರೆ ಆ ಸ್ಥಳದೊಳಗೆ ಎಲ್ಲ ಜಾತಿಯವರಿಗೂ ಪ್ರವೇಶವಿರಬೇಕೆಂಬ ಷರತ್ತಿತ್ತು. ಎಂಬಾಲಂ ಗ್ರಾಮದ ಕೇಂದ್ರವು ದೇವಸ್ಥಾನದ ಕಟ್ಟಡದಲ್ಲೇ ನಡೆಯಿತು. ದಲಿತರೂ ಅಲ್ಲಿಗೆ ಬರುವಂತಾಯಿತು. ಕೇಂದ್ರವನ್ನು ನಡೆಸುತ್ತಿದ್ದ ಸ್ವಯಂಸೇವಕರಲ್ಲಿ ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿದ್ದರು. ಕಂಪ್ಯೂಟರಿಗಿಂತ ಈ ಷರತ್ತೇ ದೊಡ್ಡ ಕೊಡುಗೆಯೆಂದು ನನ್ನ ಅಭಿಪ್ರಾಯ.

ವೀರಾಂಪಟ್ಟಿನಂ ಬೆಸ್ತರ ಊರು. ನಾಳೆ ಕಡಲಿನಲ್ಲಿ ಅಲೆಗಳು ಎಷ್ಟು ಎತ್ತರಕ್ಕೆ ಏಳುತ್ತವೆ ಎಂಬುದು ಅವರಿಗೆ ಅನ್ನದ ಪ್ರಶ್ನೆ, ಪ್ರಾಣದ ಪ್ರಶ್ನೆ. ಅಮೆರಿಕದ ನೌಕಾಪಡೆಯು ಬಂಗಾಳ ಕೊಲ್ಲಿಯ ಅಲೆಗಳ ಮುನ್ಸೂಚನೆಯನ್ನು ಅಂತರಜಾಲದಲ್ಲಿ ಪ್ರಕಟಿಸುತ್ತಿತ್ತು. ಅದನ್ನು ಇಳಿಸಿಕೊಂಡು, ತಮಿಳಿನಲ್ಲಿ ಧ್ವನಿವರ್ಧಕದ ಮೂಲಕ ಓದಿ ಹೇಳುತ್ತಿದ್ದರು. ಅಕ್ಷರ ಬಾರದ ಬೆಸ್ತನೂ ಬಲೆ ಹೆಣೆಯುತ್ತ ಕುಳಿತಲ್ಲೇ ಕೇಳಿಸಿಕೊಳ್ಳುತ್ತಿದ್ದ. ಯುದ್ಧನೌಕೆಗಳಿಗೆಂದು ತಯಾರಾದ ಮಾಹಿತಿಯು ಮೀನುಗಾರರ ದೋಣಿಗಳಿಗೆ ಒದಗಿದ್ದು ನೋಡಿ!

2004ರ ಡಿಸೆಂಬರ್ 26, ಭಾನುವಾರ. ಹತ್ತಿರದ ನಲ್ಲವಾಡು ಗ್ರಾಮದ ಯುವಕನೊಬ್ಬ ಆಗ ಸಿಂಗಪುರದಲ್ಲಿದ್ದ. ಹಿಂದೆ ಈ ಯೋಜನೆಯಲ್ಲಿ ಸ್ವಯಂಸೇವಕನಾಗಿದ್ದವನು. ಭೂಕಂಪದ ಸುದ್ದಿ ತಿಳಿದು ಮನೆಗೆ ಕರೆ ಮಾಡಿದಾಗ, ಕಡಲ ನೀರು ಮನೆಯತ್ತ ಬರುತ್ತಿದೆಯೆಂದು ತಂಗಿ ಹೇಳಿದಳು. ಊರನ್ನು ಬಿಟ್ಟು ಓಡಿ, ಎಲ್ಲರಿಗೂ ತಿಳಿಸಿ ಎಂದು ಆತ ಹೇಳಿದ. ಊರಿನವರು ಜ್ಞಾನ ಕೇಂದ್ರದ ಬಾಗಿಲು ಮುರಿದು ಒಳಹೊಕ್ಕು ಧ್ವನಿವರ್ಧಕದಲ್ಲಿ ಕೂಗಿ ಎಚ್ಚರಿಸಿದರು. ಮನೆಗಳು, ದೋಣಿಗಳು ನಾಶವಾದವು. ಆದರೆ ಮೂರು ಸಾವಿರಕ್ಕೂ ಹೆಚ್ಚು ಜನರಿದ್ದ ಆ ಊರಿನಲ್ಲಿ ಒಂದು ಜೀವವೂ ಹೋಗಲಿಲ್ಲ. ಗಮನಿಸಿ, ಅಂದು ಎಚ್ಚರಿಕೆಯನ್ನು ತಂದದ್ದು ಅಂತರಜಾಲವಲ್ಲ, ಒಂದು ದೂರವಾಣಿ ಕರೆ. ಆದರೆ ಆ ಧ್ವನಿವರ್ಧಕಕ್ಕೆ ಕಿವಿಗೊಡುವ, ಅದರ ಮಾತನ್ನು ನಂಬುವ ಅಭ್ಯಾಸ ಊರಿಗೆ ಆಗಲೇ ಬಂದಿತ್ತು.

ನಮ್ಮ ನಾಡಿನಲ್ಲೂ ಇಂಥದೊಂದು ಪ್ರಯೋಗ ನಡೆಯಿತು. ಕೋಲಾರ ಜಿಲ್ಲೆಯ ಬೂದಿಕೋಟೆ (ಹೈದರಾಲಿಯ ಜನ್ಮಸ್ಥಳವೆಂದು ಪಾಠದಲ್ಲಿ ಓದಿದ್ದೀರಿ) ಯುನೆಸ್ಕೊ ನೆರವಿನ 'ನಮ್ಮ ಧ್ವನಿ' ಕೇಂದ್ರಕ್ಕೆ ನೆಲೆಯಾಯಿತು. ಸಮುದಾಯಗಳಿಗೆ ಬಾನುಲಿ ಪರವಾನಗಿ ಸಿಗದಿದ್ದ ಆ ದಿನಗಳಲ್ಲಿ ಮನೆಮನೆಗೆ ಕೇಬಲ್ ಎಳೆದು ಕಾರ್ಯಕ್ರಮಗಳನ್ನು ಕೇಳಿಸಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ತಮ್ಮ ಮಾತನ್ನು ತಾವೇ ಧ್ವನಿಮುದ್ರಿಸಿದರು.

ಮುಂದೆ ಮೊಬೈಲುಗಳು ಬಂದವು, ದೇಶದ ಅನೇಕ ಕೇಂದ್ರಗಳು ಮಂಕಾದವು. 'ಎಲ್ಲರ ಕಿಸೆಯಲ್ಲೂ ಫೋನಿರುವಾಗ ಇವೆಲ್ಲ ಏಕೆ?' ಎಂದು ಮನೆಯ ಕಿರಿಯರು ಕೇಳುವುದುಂಟು. ಒಬ್ಬರ ಕಿಸೆಯ ಫೋನು ಅವರೊಬ್ಬರದೇ. ಅರ್ಜಿಯ ಪರದೆಯನ್ನು ಅಜ್ಜಿಗೆ ಓದಿ ಹೇಳಲು ಪಕ್ಕದಲ್ಲೊಬ್ಬರು ಇಂದಿಗೂ ಬೇಕು.

ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. 'ಅರಿವು ಕೇಂದ್ರ'ಗಳೆಂದು ಹೆಸರಾದ ಇವುಗಳಲ್ಲಿ ಅನೇಕ ಕಡೆ ಈಗ ಕಂಪ್ಯೂಟರುಗಳಿವೆ. ನಿಮ್ಮ ಊರಿನ ಕೇಂದ್ರ ಯಾವ ಹೊತ್ತಿನಲ್ಲಿ ತೆರೆದಿರುತ್ತದೆ, ಕೂಲಿ ಮುಗಿಸಿ ಬಂದವರಿಗೂ ಅಲ್ಲಿ ಜಾಗವಿದೆಯೇ ಎಂಬುದನ್ನು ಬಲ್ಲವರು ನನಗೆ ಬರೆದು ತಿಳಿಸಿ.