ಗೋಡೆಯಿಲ್ಲದ ಜೈಲು: ಆಟಪಾಡಿ ಕಲಿಸಿದ್ದೇನು?

ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿ ಬಂದಾಗಲೆಲ್ಲ ನಾವು ಗೆಳತಿಯರು ಸೇರಿದ ಕಡೆ ಕೇಳುವ ಮಾತು ಒಂದೇ: "ಇಂಥವರನ್ನು ಜೈಲಿನಲ್ಲಿ ಕೂರಿಸಿ ಅನ್ನ ಹಾಕುವುದೇಕೆ?" ಆ ಸಿಟ್ಟು ನನಗೂ ಇದೆ. ಆದರೆ ಜೈಲಿಗೆ ಹೋದವರಲ್ಲಿ ಬಹುಪಾಲು ಜನ ಒಂದು ದಿನ ಹೊರಗೆ ಬಂದೇ ಬರುತ್ತಾರೆ. ಬರುವಾಗ ಅವರು ಹೇಗಿರಬೇಕು ಎನ್ನುವುದು ನಮ್ಮ ಸುರಕ್ಷತೆಯ ಪ್ರಶ್ನೆಯೂ ಹೌದು. ಶಿಕ್ಷೆಯೋ ಸುಧಾರಣೆಯೋ ಎಂಬ ಈ ಚರ್ಚೆ ನಮ್ಮ ದೇಶದಲ್ಲಿ ಹಳೆಯದು. ಅದರ ಒಂದು ಅಪರೂಪದ ಅಧ್ಯಾಯ ನಾವು ಬದುಕು ಕಟ್ಟಿಕೊಂಡಿರುವ ಈ ಮಹಾರಾಷ್ಟ್ರದಲ್ಲೇ ನಡೆದಿದೆ.

ಬ್ರಿಟಿಷರ ಕಾಲದಲ್ಲಿ ಮೆಕಾಲೆ ಸದಸ್ಯನಾಗಿದ್ದ ಜೈಲು ಸಮಿತಿ 1838ರಲ್ಲಿ ವರದಿ ಕೊಟ್ಟಿತು. ಕೈದಿಗಳಿಗೆ ಓದು, ನೀತಿಬೋಧೆ, ಒಳ್ಳೆಯ ನಡತೆಗೆ ಬಹುಮಾನ ಇವೆಲ್ಲ ಆ ಸಮಿತಿಗೆ ಹಿಡಿಸಲಿಲ್ಲ. ಬೇಸರ ಹುಟ್ಟಿಸುವ ಕಠಿಣ ದುಡಿಮೆಯೇ ಸರಿಯಾದ ಮದ್ದು ಎಂದಿತು. ಜೈಲಿನ ಭಯ ಇದ್ದರೆ ಅಪರಾಧ ಕಡಿಮೆಯಾಗುತ್ತದೆ ಎಂಬ ಲೆಕ್ಕ ಅದು. ಸುಧಾರಣೆಯೂ ಜೈಲಿನ ಗುರಿಯಾಗಬೇಕು ಎಂದು ಸರ್ಕಾರಿ ಸಮಿತಿಯೊಂದು ಸ್ಪಷ್ಟವಾಗಿ ಹೇಳಲು 1919-20ರ ಅಖಿಲ ಭಾರತ ಜೈಲು ಸಮಿತಿಯವರೆಗೆ ಕಾಯಬೇಕಾಯಿತು.

ಸಮಿತಿ ಹೇಳಿದ್ದು ಕಾಗದದಲ್ಲಿ ಉಳಿಯಿತು. ಮಾಡಿ ತೋರಿಸಿದ್ದು ಔಂಧ ಎಂಬ ಪುಟ್ಟ ಸಂಸ್ಥಾನ. ಸೂರ್ಯನಮಸ್ಕಾರವನ್ನು ಜನಪ್ರಿಯಗೊಳಿಸಿದ ಭವಾನರಾವ್ ಪಂತ್ ಪ್ರತಿನಿಧಿ ಅಲ್ಲಿನ ರಾಜರು. 1939ರಲ್ಲಿ ಆಟಪಾಡಿಯ ಹತ್ತಿರ 'ಸ್ವತಂತ್ರಪುರ' ಎಂಬ ತೆರೆದ ಜೈಲು ಅವರ ಆಡಳಿತದಲ್ಲಿ ಶುರುವಾಯಿತು. ಕೈದಿಗಳ ಊರಿಗೆ ಸ್ವತಂತ್ರಪುರ ಎಂಬ ಹೆಸರು! ಈ ಪ್ರಯೋಗದ ಹಿಂದಿದ್ದವರು ಮಾರಿಸ್ ಫ್ರಿಡ್‌ಮನ್, ಪೋಲೆಂಡಿನ ಯಹೂದಿ ಎಂಜಿನಿಯರ್. ಕನ್ನಡಿಗರಾದ ನಮಗೆ ಅವರು ಹೊರಗಿನವರಲ್ಲ. ಅದಕ್ಕೂ ಮೊದಲು ಮೈಸೂರು ಸಂಸ್ಥಾನದವರು ಬೆಂಗಳೂರಿನಲ್ಲಿ ನಡೆಸುತ್ತಿದ್ದ ವಿದ್ಯುತ್ ಸಾಮಗ್ರಿ ಕಾರ್ಖಾನೆಯ ಮುಖ್ಯಸ್ಥರಾಗಿದ್ದವರು. ಗಾಂಧೀಜಿಯ ಪ್ರಭಾವಕ್ಕೆ ಒಳಗಾಗಿ ಸನ್ಯಾಸಿಯಂತೆ ಬದುಕಿದರು, ಭಾರತಾನಂದ ಎಂಬ ಹೆಸರು ಪಡೆದರು.

ಸ್ವತಂತ್ರಪುರದ ವ್ಯವಸ್ಥೆ ಸರಳವಾಗಿತ್ತು. ನಡತೆ ಚೆನ್ನಾಗಿದ್ದ ಕೈದಿಗಳನ್ನು ಆರಿಸಿ ಕರೆತರುತ್ತಿದ್ದರು. ಎತ್ತರದ ಗೋಡೆಯಿಲ್ಲ, ಕಬ್ಬಿಣದ ಸರಳಿಲ್ಲ. ಹೊಲದಲ್ಲಿ ದುಡಿಯಬೇಕು, ಹೆಂಡತಿ ಮಕ್ಕಳ ಜೊತೆ ಇರಬಹುದು. ಓಡಿಹೋಗದಂತೆ ತಡೆಯುವುದು ಸಂಕೋಲೆಯಲ್ಲ, ತನ್ನ ಮೇಲೆ ಇಟ್ಟ ನಂಬಿಕೆ. ವಿ. ಶಾಂತಾರಾಂ ಅವರ 'ದೋ ಆಂಖೇ ಬಾರಹ್ ಹಾಥ್' (1957) ಚಿತ್ರಕ್ಕೆ ಸ್ಫೂರ್ತಿ ಇದೇ ಪ್ರಯೋಗ. ಚಿತ್ರದ ಜೈಲರ್ ಆರು ಮಂದಿ ಕೊಲೆಗಡುಕರನ್ನು ಬರಡು ನೆಲಕ್ಕೆ ಕರೆದೊಯ್ದು ರೈತರನ್ನಾಗಿ ಮಾಡುತ್ತಾನೆ. ನಮ್ಮ ಅಮ್ಮಂದಿರ ಕಾಲದವರಿಗೆ ಇದರ ಹಾಡುಗಳು ಇಂದಿಗೂ ಬಾಯಿಪಾಠ. ಕಥೆಯ ಬೇರು ಸಾಂಗ್ಲಿ ಜಿಲ್ಲೆಯಲ್ಲಿದೆ ಎಂದು ಗೊತ್ತಿರುವವರು ಮಾತ್ರ ಕಡಿಮೆ.

ಔಂಧ 1948ರಲ್ಲಿ ವಿಲೀನವಾಯಿತು, ಸ್ವತಂತ್ರಪುರ ಉಳಿಯಿತು. ಮುಂದೆ ಹಲವು ರಾಜ್ಯಗಳಲ್ಲಿ ತೆರೆದ ಜೈಲುಗಳು ಬಂದವು. ಆದರೆ ಈ ನಂಬಿಕೆ ಹೆಣ್ಣಿನ ಪಾಲಿಗೆ ಬಹಳ ತಡವಾಗಿ ಬಂತು. ಅನೇಕ ರಾಜ್ಯಗಳ ನಿಯಮಗಳಲ್ಲಿ ಹೆಂಗಸರು ತೆರೆದ ಜೈಲಿಗೆ ಅರ್ಹರೇ ಆಗಿರಲಿಲ್ಲ. ಪುಣೆಯ ಯೆರವಡಾದಲ್ಲಿ ಮಹಿಳೆಯರ ತೆರೆದ ಜೈಲು ಶುರುವಾದದ್ದು 2010ರಲ್ಲಿ, ಅಂದರೆ ಸ್ವತಂತ್ರಪುರದ 71 ವರ್ಷಗಳ ನಂತರ! ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸಮಿತಿ ಮಹಿಳಾ ಕೈದಿಗಳ ಬಗ್ಗೆ 1987ರಲ್ಲೇ ವರದಿ ಕೊಟ್ಟಿತ್ತು. ಆದರೂ ತಾಯಿಯ ಜೊತೆ ಜೈಲಿನಲ್ಲಿರುವ ಮಕ್ಕಳ ಊಟ, ಆರೋಗ್ಯ, ಓದಿನ ಬಗ್ಗೆ ಸುಪ್ರೀಂ ಕೋರ್ಟ್ 2006ರಲ್ಲಿ ವಿವರವಾದ ಆದೇಶ ಕೊಡಬೇಕಾಯಿತು. ಆರು ವರ್ಷದವರೆಗೆ ಮಗು ತಾಯಿಯ ಜೊತೆ ಇರಬಹುದು. ಅಪರಾಧ ಮಾಡದ ಮಗುವಿಗೂ ಜೈಲೇ ಮನೆ.

ಇನ್ನೊಂದು ಮಾತು. ನಮ್ಮ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ಅವರ ತಪ್ಪು ಇನ್ನೂ ಸಾಬೀತಾಗಿಲ್ಲ. "ಅನ್ನ ಹಾಕುವುದೇಕೆ" ಎಂದು ಕೇಳುವಾಗ ನಾವು ಇವರನ್ನೂ ಸೇರಿಸಿಯೇ ಕೇಳುತ್ತಿರುತ್ತೇವೆ.

ಹಾಗೆಂದು ಎಲ್ಲರಿಗೂ ತೆರೆದ ಬಾಗಿಲು ಬೇಕೆಂದು ನಾನು ಹೇಳುವುದಿಲ್ಲ. 2012ರ ದೆಹಲಿಯ ಘಟನೆಯನ್ನು ನಾವ್ಯಾರೂ ಮರೆತಿಲ್ಲ. ನೊಂದ ಹೆಣ್ಣಿಗೆ ನ್ಯಾಯ ಸಿಗಲೇಬೇಕು, ಅಪಾಯಕಾರಿ ವ್ಯಕ್ತಿ ಒಳಗಿರಲೇಬೇಕು. ಸ್ವತಂತ್ರಪುರವೂ ಆರಿಸಿಯೇ ನಂಬಿತು, ಕಣ್ಣುಮುಚ್ಚಿ ಅಲ್ಲ. ಸುಧಾರಣೆ ಎಂದರೆ ಕ್ಷಮೆಯಲ್ಲ. ಸ್ವಾತಂತ್ರ್ಯ ಕಳೆದುಕೊಳ್ಳುವುದೇ ಶಿಕ್ಷೆ. ಆ ವರ್ಷಗಳಲ್ಲಿ ಅವಮಾನ, ಹೊಡೆತ ಸೇರಿಸಿದರೆ ಹೊರಬರುವವರು ಇನ್ನಷ್ಟು ಕೆಟ್ಟು ಬರುತ್ತಾರೆ. ಕಸುಬು, ಓದು, ಮನೆಯವರ ನಂಟು ಉಳಿಸಿದರೆ ನಮ್ಮ ನಡುವೆ ಬದುಕಬಲ್ಲ ಮನುಷ್ಯರಾಗಿ ಬರುವ ಸಾಧ್ಯತೆಯಾದರೂ ಇರುತ್ತದೆ.

ಗೆಳತಿಯರೇ, ಆ ಹಳೆಯ ಸಿನಿಮಾವನ್ನು ಮಕ್ಕಳ ಜೊತೆ ಕೂತು ಮತ್ತೊಮ್ಮೆ ನೋಡಿ. ಆಮೇಲೆ ಈ ಚರ್ಚೆಯನ್ನು ಮನೆಯಲ್ಲೇ ಶುರುಮಾಡಿ.