ಡೈಕಾಮ್ ವೀಕ್ಷಕ

ಡೈಕಾಮ್ ವೀಕ್ಷಕ ಎಂಬುದು ಸಿ.ಟಿ., ಎಂ.ಆರ್.ಐ., ಎಕ್ಸ್-ರೇ, ಅಲ್ಟ್ರಾಸೌಂಡ್ ಮೊದಲಾದ ವೈದ್ಯಕೀಯ ಚಿತ್ರಣ ಯಂತ್ರಗಳು ಉತ್ಪಾದಿಸುವ ಕಡತಗಳನ್ನು ತೆರೆದು ನೋಡಲು, ಅಳೆಯಲು, ಹೋಲಿಸಲು ಮತ್ತು ಬೇರೆ ರೂಪದಲ್ಲಿ ಉಳಿಸಲು ಬಳಸುವ ತಂತ್ರಾಂಶವಾಗಿದೆ. ಒಂದೇ ಕಡತವು ವೀಕ್ಷಕದ ಟೂಲ್‌ಬಾರ್ ಮತ್ತು ಕಡತ ಸೆಟ್ಟಿಂಗ್‌ಗಳಿಗೆ ಅನುಗುಣವಾಗಿ ಬೇರೆಬೇರೆ ರೀತಿಯಲ್ಲಿ ಕಾಣಿಸಬಹುದು. ಹೀಗಾಗಿ ಈ ಸೆಟ್ಟಿಂಗ್‌ಗಳು ಕೇವಲ ಅನುಕೂಲದ ವಿಷಯವಾಗಿರದೆ ರೋಗನಿರ್ಣಯದ ನಿಖರತೆ ಮತ್ತು ರೋಗಿಯ ಗೌಪ್ಯತೆಗೂ ಸಂಬಂಧಿಸಿವೆ.

ಹಿನ್ನೆಲೆ

1971ರಲ್ಲಿ ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಯಂತ್ರದಿಂದ ರೋಗಿಯೊಬ್ಬರ ಮೊದಲ ಸಿ.ಟಿ. ಸ್ಕ್ಯಾನ್ ನಡೆಯಿತು. ನಂತರದ ವರ್ಷಗಳಲ್ಲಿ ಅನೇಕ ಕಂಪನಿಗಳು ಇಂತಹ ಯಂತ್ರಗಳನ್ನು ತಯಾರಿಸತೊಡಗಿದವು. ಪ್ರತಿ ಕಂಪನಿಯೂ ತನ್ನದೇ ಕಡತ ರೂಪವನ್ನು ಬಳಸುತ್ತಿದ್ದುದರಿಂದ ಒಂದು ಯಂತ್ರದ ಚಿತ್ರವನ್ನು ಇನ್ನೊಂದರಲ್ಲಿ ತೆರೆಯುವುದು ಕಷ್ಟವಾಗಿತ್ತು. ಇದನ್ನು ಬಗೆಹರಿಸಲು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ಮತ್ತು ನ್ಯಾಷನಲ್ ಎಲೆಕ್ಟ್ರಿಕಲ್ ಮ್ಯಾನುಫ್ಯಾಕ್ಚರರ್ಸ್ ಅಸೋಸಿಯೇಷನ್ 1983ರಲ್ಲಿ ಜಂಟಿ ಸಮಿತಿಯನ್ನು ರಚಿಸಿದವು. ಸಮಿತಿಯ ಮೊದಲ ಮಾನದಂಡ 1985ರಲ್ಲಿ, ಎರಡನೆಯದು 1988ರಲ್ಲಿ ಹೊರಬಂದವು. 1993ರ ಮೂರನೆಯ ಆವೃತ್ತಿಗೆ 'ಡೈಕಾಮ್' ಎಂಬ ಹೆಸರು ಬಂದಿತು. ಈ ಮಾನದಂಡ ಬಳಕೆಗೆ ಬಂದ ಮೇಲೆ ಯಂತ್ರ ತಯಾರಕರನ್ನು ಅವಲಂಬಿಸದ ಸ್ವತಂತ್ರ ವೀಕ್ಷಕಗಳ ತಯಾರಿಕೆ ಸುಲಭವಾಯಿತು.

ಕಡತದ ರಚನೆ

ಡೈಕಾಮ್ ಕಡತವು 128 ಬೈಟ್‌ಗಳ ಮುನ್ನುಡಿ ಭಾಗದಿಂದ ಆರಂಭವಾಗುತ್ತದೆ. ಅದರ ನಂತರ ಡಿ, ಐ, ಸಿ, ಎಂ ಎಂಬ ನಾಲ್ಕು ರೋಮನ್ ಅಕ್ಷರಗಳಿರುತ್ತವೆ. ವೀಕ್ಷಕವು ಕಡತವನ್ನು ಗುರುತಿಸುವುದು ಮುಖ್ಯವಾಗಿ ಈ ನಾಲ್ಕು ಅಕ್ಷರಗಳಿಂದಲೇ ಹೊರತು ಕಡತದ ಹೆಸರಿನಿಂದಲ್ಲ. ಆಸ್ಪತ್ರೆಗಳು ನೀಡುವ ಸಿ.ಡಿ.ಯಲ್ಲಿನ ಕಡತಗಳಿಗೆ ಯಾವ ವಿಸ್ತರಣೆಯೂ ಇರದಿರುವುದಕ್ಕೆ ಮಾನದಂಡದ ನಿಯಮವೇ ಕಾರಣ: ಅಲ್ಲಿ ಕಡತದ ಹೆಸರು ಗರಿಷ್ಠ 8 ಅಕ್ಷರಗಳದ್ದಾಗಿರಬೇಕು ಮತ್ತು ದೊಡ್ಡ ರೋಮನ್ ಅಕ್ಷರ, ಅಂಕಿ ಹಾಗೂ ಅಡಿಗೆರೆಗಳನ್ನು ಮಾತ್ರ ಒಳಗೊಂಡಿರಬೇಕು. ಅಂತಹ ಸಿ.ಡಿ.ಯ ಮೂಲ ಫೋಲ್ಡರ್‌ನಲ್ಲಿ 'ಡೈಕಾಮ್‌ಡಿರ್' ಎಂಬ ಸೂಚಿ ಕಡತವಿರುತ್ತದೆ. ವೀಕ್ಷಕದಲ್ಲಿ ಇದನ್ನು ತೆರೆದರೆ ರೋಗಿ, ಅಧ್ಯಯನ, ಸರಣಿ ಮತ್ತು ಚಿತ್ರ ಎಂಬ ನಾಲ್ಕು ಹಂತಗಳಲ್ಲಿ ಎಲ್ಲ ಕಡತಗಳೂ ಜೋಡಣೆಗೊಳ್ಳುತ್ತವೆ.

ಕಡತದೊಳಗಿನ ಪ್ರತಿ ಮಾಹಿತಿಗೂ ಎರಡು ಸಂಖ್ಯೆಗಳ ಟ್ಯಾಗ್ ಇರುತ್ತದೆ. ಉದಾಹರಣೆಗೆ, ರೋಗಿಯ ಹೆಸರು (0010,0010), ಗುರುತಿನ ಸಂಖ್ಯೆ (0010,0020), ಚಿತ್ರದ ಸಾಲುಗಳು (0028,0010), ಕಂಬಗಳು (0028,0011) ಹಾಗೂ ಪಿಕ್ಸೆಲ್‌ಗಳ ನಡುವಿನ ಅಂತರ (0028,0030) ಎಂಬ ಟ್ಯಾಗ್‌ಗಳಲ್ಲಿ ದಾಖಲಾಗಿರುತ್ತವೆ. ಚಿತ್ರದ ದತ್ತಾಂಶವು ಇವುಗಳ ನಂತರ ಬರುತ್ತದೆ. ಹೀಗೆ ಚಿತ್ರವೂ ಅದರ ವಿವರಗಳೂ ಒಂದೇ ಕಡತದಲ್ಲಿ ಇರುವುದು ಡೈಕಾಮ್‌ನ ಮುಖ್ಯ ಲಕ್ಷಣವಾಗಿದೆ.

ಟೂಲ್‌ಬಾರ್

ವೀಕ್ಷಕದ ಟೂಲ್‌ಬಾರ್‌ನಲ್ಲಿ ಸಾಮಾನ್ಯವಾಗಿ ವಿಂಡೋ ಬದಲಾವಣೆ, ಹಿಗ್ಗಿಸುವಿಕೆ, ಸರಿಸುವಿಕೆ, ಪದರಗಳ ನಡುವೆ ಚಲನೆ, ಉದ್ದ ಮತ್ತು ಕೋನಗಳ ಅಳತೆ, ವೃತ್ತ ಅಥವಾ ಆಯತದೊಳಗಿನ ಸರಾಸರಿ ಮೌಲ್ಯ, ಬಣ್ಣ ತಿರುಗಿಸುವಿಕೆ, ಪರದೆಯ ವಿಭಜನೆ ಹಾಗೂ ಮೂರು ಆಯಾಮದ ಪುನರ್ರಚನೆಯ ಗುಂಡಿಗಳಿರುತ್ತವೆ. ಎಲ್ಲ ಗುಂಡಿಗಳೂ ಎಲ್ಲರಿಗೂ ಬೇಕಾಗುವುದಿಲ್ಲ. ಮೂಳೆ ತಜ್ಞರಿಗೆ ಕೋನಮಾಪಕ ಮುಖ್ಯವಾದರೆ, ನರರೋಗ ತಜ್ಞರಿಗೆ ಎರಡು ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿಟ್ಟು ಒಟ್ಟಿಗೆ ಚಲಿಸುವ ಸೌಲಭ್ಯ ಮುಖ್ಯವಾಗಬಹುದು. ಈ ಕಾರಣದಿಂದ ಬಹುತೇಕ ತಂತ್ರಾಂಶಗಳು ಟೂಲ್‌ಬಾರನ್ನು ಬದಲಾಯಿಸಿಕೊಳ್ಳಲು ಅವಕಾಶ ನೀಡುತ್ತವೆ. ಅದರ ವಿಧಾನ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆಯಾಗಿರುತ್ತದೆ.

ಒಸಿರಿಕ್ಸ್ ಮತ್ತು ಹೋರೋಸ್: 2004ರಲ್ಲಿ ವೈದ್ಯರಾದ ಆಂಟ್ವಾನ್ ರೊಸೆ ಮತ್ತು ಉಸ್ಮಾನ್ ರಾತಿಬ್ ಅವರು ಆರಂಭಿಸಿದ ಒಸಿರಿಕ್ಸ್ ಹಾಗೂ ಅದರ ಮುಕ್ತ ಆಕರದಿಂದ ಕವಲೊಡೆದ ಹೋರೋಸ್ ಮ್ಯಾಕ್ ಗಣಕಗಳಲ್ಲಿ ನಡೆಯುತ್ತವೆ. ಇವುಗಳಲ್ಲಿ ಮ್ಯಾಕ್‌ನ ಸಹಜ ಪದ್ಧತಿಯಂತೆ ಗುಂಡಿಗಳನ್ನು ಎಳೆದು ಟೂಲ್‌ಬಾರ್‌ಗೆ ಸೇರಿಸಬಹುದು ಅಥವಾ ಹೊರಗೆಳೆದು ತೆಗೆಯಬಹುದು.

3ಡಿ ಸ್ಲೈಸರ್: ಬಾಸ್ಟನ್‌ನ ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆ ಹಾಗೂ ಎಂ.ಐ.ಟಿ. ಸಂಸ್ಥೆಗಳ ಸಹಯೋಗದಿಂದ ಬೆಳೆದ ಈ ಮುಕ್ತ ತಂತ್ರಾಂಶದಲ್ಲಿ ಟೂಲ್‌ಬಾರ್‌ಗಳನ್ನು 'ವ್ಯೂ' ಮೆನುವಿನಿಂದ ತೋರಿಸಬಹುದು ಅಥವಾ ಮರೆಮಾಡಬಹುದು. 'ಎಡಿಟ್' ಮೆನುವಿನ ಅಪ್ಲಿಕೇಶನ್ ಸೆಟ್ಟಿಂಗ್ಸ್‌ನಲ್ಲಿ ಮೆಚ್ಚಿನ ಮಾಡ್ಯೂಲ್‌ಗಳನ್ನು ಆಯ್ದರೆ ಅವುಗಳ ಗುಂಡಿಗಳು ಟೂಲ್‌ಬಾರ್‌ನಲ್ಲಿ ಕಾಣಿಸಿಕೊಳ್ಳುತ್ತವೆ.

ಇಮೇಜ್‌ಜೆ: ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಅವರು ರೂಪಿಸಿದ ಈ ತಂತ್ರಾಂಶದಲ್ಲಿ ಟೂಲ್‌ಬಾರಿನ ಬಲತುದಿಯ ಜೋಡಿ ಬಾಣದ ಗುರುತನ್ನು ಒತ್ತಿ ಹೆಚ್ಚುವರಿ ಉಪಕರಣಗಳ ಗುಂಪನ್ನು ಆರಿಸಬಹುದು. ಹಲವು ಉಪಕರಣಗಳ ಗುಂಡಿಯನ್ನು ಎರಡು ಬಾರಿ ಒತ್ತಿದರೆ ಅದರ ಆಯ್ಕೆಗಳು ತೆರೆಯುತ್ತವೆ. ಮ್ಯಾಕ್ರೋ ಬರೆದು ಹೊಸ ಗುಂಡಿಗಳನ್ನೂ ಸೇರಿಸಬಹುದು.

ವೀಸಿಸ್: ಜಾವಾ ಆಧಾರಿತವಾದ ಈ ಮುಕ್ತ ವೀಕ್ಷಕದಲ್ಲಿ ಮೌಸ್‌ನ ಎಡ, ಮಧ್ಯ ಹಾಗೂ ಬಲ ಗುಂಡಿಗಳಿಗೆ ಮತ್ತು ಚಕ್ರಕ್ಕೆ ಪ್ರತ್ಯೇಕ ಕೆಲಸಗಳನ್ನು ಟೂಲ್‌ಬಾರಿನಿಂದಲೇ ನಿಗದಿಪಡಿಸಬಹುದು.

ವಿಂಡೋ ಸೆಟ್ಟಿಂಗ್

ಸಿ.ಟಿ. ಚಿತ್ರದ ಪ್ರತಿ ಪಿಕ್ಸೆಲ್‌ನ ಮೌಲ್ಯವನ್ನು ಹೌನ್ಸ್‌ಫೀಲ್ಡ್ ಮಾನದಲ್ಲಿ ಸೂಚಿಸಲಾಗುತ್ತದೆ. ಈ ಮಾನದಲ್ಲಿ ನೀರಿನ ಮೌಲ್ಯ 0, ಗಾಳಿಯದು -1000. ಸಿ.ಟಿ. ದತ್ತಾಂಶವು ಸಾಮಾನ್ಯವಾಗಿ 12 ಬಿಟ್‌ಗಳದ್ದಾಗಿದ್ದು 4096 ಮೌಲ್ಯಗಳನ್ನು ಹೊಂದಬಲ್ಲದು. ಸಾಮಾನ್ಯ ಪರದೆ 256 ಬೂದು ಛಾಯೆಗಳನ್ನು ಮಾತ್ರ ತೋರಿಸುತ್ತದೆ. ಆದ್ದರಿಂದ ಯಾವ ವ್ಯಾಪ್ತಿಯ ಮೌಲ್ಯಗಳನ್ನು ಕಪ್ಪಿನಿಂದ ಬಿಳುಪಿನವರೆಗೆ ಹರಡಬೇಕೆಂದು ನಿರ್ಧರಿಸಬೇಕಾಗುತ್ತದೆ. ಆ ವ್ಯಾಪ್ತಿಯೇ ವಿಂಡೋ. ವ್ಯಾಪ್ತಿಯ ಮಧ್ಯಬಿಂದುವನ್ನು ಮಟ್ಟವೆಂದೂ ಅದರ ವಿಸ್ತಾರವನ್ನು ಅಗಲವೆಂದೂ ಕರೆಯುತ್ತಾರೆ.

ರೂಢಿಯಲ್ಲಿರುವ ಕೆಲವು ವಿಂಡೋಗಳು ಹೀಗಿವೆ:

• ಮೆದುಳು: ಅಗಲ 80, ಮಟ್ಟ 40 (0ಯಿಂದ 80ರವರೆಗೆ)
• ಹೊಟ್ಟೆ: ಅಗಲ 400, ಮಟ್ಟ 40 (-160ರಿಂದ 240ರವರೆಗೆ)
• ಶ್ವಾಸಕೋಶ: ಅಗಲ 1500, ಮಟ್ಟ -600 (-1350ರಿಂದ 150ರವರೆಗೆ)
• ಮೂಳೆ: ಅಗಲ 2000, ಮಟ್ಟ 500 (-500ರಿಂದ 1500ರವರೆಗೆ)

ಈ ಮೌಲ್ಯಗಳು ಸಂಸ್ಥೆಯಿಂದ ಸಂಸ್ಥೆಗೆ ಸ್ವಲ್ಪ ಬದಲಾಗುತ್ತವೆ. ಬಹುತೇಕ ವೀಕ್ಷಕಗಳಲ್ಲಿ ಇವನ್ನು ಪೂರ್ವನಿಗದಿತ ಆಯ್ಕೆಗಳಾಗಿ ಉಳಿಸಿ ಕೀಲಿಮಣೆಯ ಒಂದೊಂದು ಕೀಲಿಗೆ ಜೋಡಿಸಬಹುದು. ತಪ್ಪು ವಿಂಡೋದಲ್ಲಿ ನೋಡಿದರೆ ರೋಗಲಕ್ಷಣವೇ ಕಣ್ಣಿಗೆ ಬೀಳದಿರಬಹುದು. ಹೊಟ್ಟೆಯ ವಿಂಡೋದಲ್ಲಿ ಶ್ವಾಸಕೋಶವು ಬಹುಮಟ್ಟಿಗೆ ಕಪ್ಪಾಗಿ ಕಾಣುತ್ತದೆ. ತಲೆಬುರುಡೆಗೆ ಅಂಟಿಕೊಂಡಂತೆ ತೆಳುವಾಗಿ ಹರಡಿದ ರಕ್ತಸ್ರಾವವು ಮೆದುಳಿನ ಕಿರಿದಾದ ವಿಂಡೋದಲ್ಲಿ ಮೂಳೆಯ ಬಿಳುಪಿನೊಂದಿಗೆ ಬೆರೆತುಹೋಗುತ್ತದೆ. ಅದಕ್ಕಾಗಿ ಅಗಲವನ್ನು 200ರ ಆಸುಪಾಸಿಗೆ ಹಿಗ್ಗಿಸಿ ಮತ್ತೊಮ್ಮೆ ನೋಡುವುದು ರೂಢಿ. ಸಿ.ಟಿ.ಯಂತೆ ಎಂ.ಆರ್.ಐ. ಚಿತ್ರಗಳಿಗೆ ನಿಶ್ಚಿತ ಮಾನವಿಲ್ಲ. ಆದ್ದರಿಂದ ಅವುಗಳಿಗೆ ಇಂತಹ ಸ್ಥಿರ ಸಂಖ್ಯೆಗಳು ಅನ್ವಯಿಸುವುದಿಲ್ಲ.

ಕಡತ ಸೆಟ್ಟಿಂಗ್‌ಗಳು

ಸಂಗ್ರಹ ಸ್ಥಳ: ವೀಕ್ಷಕವು ಕಡತಗಳನ್ನು ತನ್ನ ದತ್ತಸಂಚಯಕ್ಕೆ ನಕಲು ಮಾಡಿಕೊಳ್ಳಬಹುದು ಅಥವಾ ಅವು ಇರುವಲ್ಲಿಗೆ ಕೊಂಡಿಯನ್ನಷ್ಟೇ ಇಟ್ಟುಕೊಳ್ಳಬಹುದು. ಕೊಂಡಿಯನ್ನು ಮಾತ್ರ ಇಟ್ಟುಕೊಂಡಾಗ ಸಿ.ಡಿ. ಅಥವಾ ಪೆನ್‌ಡ್ರೈವ್ ತೆಗೆದ ಕೂಡಲೇ ಚಿತ್ರಗಳು ಸಿಗದಂತಾಗುತ್ತವೆ. 512 ಸಾಲು, 512 ಕಂಬಗಳ ಒಂದು ಸಿ.ಟಿ. ಪದರವು ಪಿಕ್ಸೆಲ್‌ಗೆ 2 ಬೈಟ್‌ನಂತೆ ಸುಮಾರು ಅರ್ಧ ಮೆಗಾಬೈಟ್ ಜಾಗವನ್ನು ಬೇಡುತ್ತದೆ. 500 ಪದರಗಳ ಅಧ್ಯಯನಕ್ಕೆ ಸುಮಾರು 250 ಮೆಗಾಬೈಟ್ ಬೇಕು. ಜಾಗ ತುಂಬಿದಾಗ ಹಳೆಯ ಅಧ್ಯಯನಗಳನ್ನು ತಾನಾಗಿಯೇ ಅಳಿಸುವ ಆಯ್ಕೆ ಕೆಲವು ವೀಕ್ಷಕಗಳಲ್ಲಿದೆ. ಬೇರೆಡೆ ಪ್ರತಿ ಇಲ್ಲದ ಗಣಕದಲ್ಲಿ ಈ ಆಯ್ಕೆ ಚಾಲನೆಯಲ್ಲಿದ್ದರೆ ರೋಗಿಯ ಹಿಂದಿನ ದಾಖಲೆಗಳು ಶಾಶ್ವತವಾಗಿ ನಷ್ಟವಾಗಬಹುದು.

ಸಂಕುಚನ: ಡೈಕಾಮ್ ಮಾನದಂಡವು ಸಂಕುಚನವಿಲ್ಲದ ರೂಪವನ್ನೂ ಜೆಪೆಗ್, ಜೆಪೆಗ್ 2000 ಮೊದಲಾದ ಸಂಕುಚಿತ ರೂಪಗಳನ್ನೂ ಒಪ್ಪುತ್ತದೆ. ನಷ್ಟರಹಿತ ಸಂಕುಚನದಲ್ಲಿ ಮೂಲ ಮೌಲ್ಯಗಳು ಯಥಾವತ್ತಾಗಿ ಮರಳಿ ದೊರೆಯುತ್ತವೆ. ನಷ್ಟಸಹಿತ ಸಂಕುಚನದಲ್ಲಿ ಕಡತ ಇನ್ನಷ್ಟು ಕಿರಿದಾಗುತ್ತದೆ, ಆದರೆ ಸೂಕ್ಷ್ಮ ವಿವರಗಳು ಕಳೆದುಹೋಗಬಹುದು ಮತ್ತು ಅವನ್ನು ಮರಳಿ ಪಡೆಯಲಾಗದು. ಚಿತ್ರವು ಒಮ್ಮೆ ನಷ್ಟಸಹಿತ ಸಂಕುಚನಕ್ಕೆ ಒಳಗಾಗಿದ್ದರೆ ಅದನ್ನು ಸೂಚಿಸಲು (0028,2110) ಎಂಬ ಟ್ಯಾಗ್ ಇದೆ.

ರಫ್ತು: ಚಿತ್ರವನ್ನು ಸಾಮಾನ್ಯ ಜೆಪೆಗ್ ಕಡತವಾಗಿ ಉಳಿಸಿದಾಗ ಪರದೆಯ ಮೇಲೆ ಆ ಕ್ಷಣದಲ್ಲಿದ್ದ ವಿಂಡೋ ಮಾತ್ರ 256 ಛಾಯೆಗಳಲ್ಲಿ ಉಳಿಯುತ್ತದೆ. ಪಿಕ್ಸೆಲ್ ಅಂತರ ಹಾಗೂ ಹೌನ್ಸ್‌ಫೀಲ್ಡ್ ಮೌಲ್ಯಗಳು ಹೋಗುತ್ತವೆ. ಆದ್ದರಿಂದ ಮೊಬೈಲ್ ಮೂಲಕ ಕಳುಹಿಸಿದ ಅಂತಹ ಚಿತ್ರದಲ್ಲಿ ವಿಂಡೋ ಬದಲಾಯಿಸಲು ಅಥವಾ ಗಡ್ಡೆಯ ಗಾತ್ರವನ್ನು ನಂಬಿಕೆಯಿಂದ ಅಳೆಯಲು ಸಾಧ್ಯವಿಲ್ಲ. ಎರಡನೆಯ ವೈದ್ಯರ ಅಭಿಪ್ರಾಯ ಪಡೆಯುವಾಗ ಮೂಲ ಡೈಕಾಮ್ ಕಡತಗಳನ್ನೇ ನೀಡುವುದು ಈ ಕಾರಣದಿಂದ ಉಪಯುಕ್ತ. ಸಂಶೋಧನೆಗೆ ಬಳಸುವ ನಿಫ್ಟಿ ಮತ್ತು ಎನ್‌ಆರ್‌ಆರ್‌ಡಿ ರೂಪಗಳು ಮೂಲ ಮೌಲ್ಯಗಳನ್ನು ಉಳಿಸಿಕೊಳ್ಳಬಲ್ಲವಾದರೂ ರೋಗಿಯ ಹೆಚ್ಚಿನ ವಿವರಗಳನ್ನು ಹೊಂದಿರುವುದಿಲ್ಲ.

ಜಾಲ ಸಂಪರ್ಕ: ಆಸ್ಪತ್ರೆಯ ಚಿತ್ರ ಸಂಗ್ರಹ ವ್ಯವಸ್ಥೆಯಿಂದ ನೇರವಾಗಿ ಚಿತ್ರಗಳನ್ನು ಪಡೆಯಲು ವೀಕ್ಷಕದಲ್ಲಿ ಸರ್ವರ್‌ನ ವಿಳಾಸ, ಪೋರ್ಟ್ ಸಂಖ್ಯೆ ಮತ್ತು ಗರಿಷ್ಠ 16 ಅಕ್ಷರಗಳ 'ಎಇ ಟೈಟಲ್' ಎಂಬ ಹೆಸರನ್ನು ನಮೂದಿಸಬೇಕು. ಡೈಕಾಮ್‌ಗೆ 104 ಮತ್ತು 11112 ಎಂಬ ಪೋರ್ಟ್‌ಗಳು ನೋಂದಾಯಿತವಾಗಿವೆ. ಎಇ ಟೈಟಲ್‌ನಲ್ಲಿ ದೊಡ್ಡ ಮತ್ತು ಸಣ್ಣ ರೋಮನ್ ಅಕ್ಷರಗಳನ್ನು ಬೇರೆಬೇರೆಯಾಗಿ ಪರಿಗಣಿಸಲಾಗುತ್ತದೆ. ಎರಡೂ ಕಡೆಯ ನಮೂದು ಹೊಂದದಿದ್ದರೆ ಸಂಪರ್ಕ ನಿರಾಕರಣೆಯಾಗಬಹುದು.

ಅಳತೆಯ ನಿಖರತೆ

ಉದ್ದ ಅಳೆಯುವ ಉಪಕರಣವು ಪಿಕ್ಸೆಲ್ ಅಂತರದ ಟ್ಯಾಗನ್ನು ಆಧರಿಸಿ ಮಿಲಿಮೀಟರ್‌ಗಳಲ್ಲಿ ಉತ್ತರ ನೀಡುತ್ತದೆ. ಆ ಟ್ಯಾಗ್ ಇಲ್ಲದಿದ್ದರೆ ಪಿಕ್ಸೆಲ್‌ಗಳ ಲೆಕ್ಕ ಮಾತ್ರ ಸಿಗುತ್ತದೆ. ಎಕ್ಸ್-ರೇ ಚಿತ್ರಗಳಲ್ಲಿ (0018,1164) ಎಂಬ ಟ್ಯಾಗ್ ಗ್ರಾಹಕ ಫಲಕದ ಮೇಲಿನ ಅಂತರವನ್ನು ಹೇಳುತ್ತದೆಯೇ ಹೊರತು ದೇಹದೊಳಗಿನ ಅಂತರವನ್ನಲ್ಲ. ಅಂಗವು ಫಲಕದಿಂದ ದೂರವಿದ್ದಷ್ಟೂ ನೆರಳು ದೊಡ್ಡದಾಗಿ ಬೀಳುವುದರಿಂದ ಅಳತೆಯು ನಿಜವಾದ ಗಾತ್ರಕ್ಕಿಂತ ಹೆಚ್ಚಾಗಿರುತ್ತದೆ. ಕೃತಕ ಕೀಲು ಜೋಡಣೆಯ ಯೋಜನೆಯಲ್ಲಿ ಗೊತ್ತಿರುವ ವ್ಯಾಸದ ಲೋಹದ ಗುಂಡನ್ನು ಜೊತೆಗಿಟ್ಟು ಚಿತ್ರ ತೆಗೆದು, ಅದರ ಅಳತೆಯಿಂದ ಈ ವ್ಯತ್ಯಾಸವನ್ನು ಸರಿಪಡಿಸಲಾಗುತ್ತದೆ.

ಎಡ-ಬಲಗಳ ಪ್ರದರ್ಶನವೂ ಸೆಟ್ಟಿಂಗ್‌ಗೆ ಒಳಪಟ್ಟಿರಬಹುದು. ವಿಕಿರಣಶಾಸ್ತ್ರದ ರೂಢಿಯಲ್ಲಿ ರೋಗಿಯ ಬಲಭಾಗವು ಪರದೆಯ ಎಡಕ್ಕೆ ಬರುತ್ತದೆ. ಮೆದುಳಿನ ಸಂಶೋಧನೆಯ ಕೆಲವು ತಂತ್ರಾಂಶಗಳಲ್ಲಿ ಇದು ತದ್ವಿರುದ್ಧವಾಗಿರುತ್ತದೆ. ಪರದೆಯ ಅಂಚಿನ ದಿಕ್ಕಿನ ಅಕ್ಷರಗಳನ್ನು ಮರೆಮಾಡಿದರೆ ಬದಿ ತಪ್ಪುವ ಅಪಾಯವಿರುತ್ತದೆ.

ಗೌಪ್ಯತೆ ಮತ್ತು ಸುರಕ್ಷತೆ

ಬೋಧನೆ ಅಥವಾ ಸಂಶೋಧನೆಗಾಗಿ ಕಡತಗಳನ್ನು ಹಂಚುವ ಮುನ್ನ ರೋಗಿಯ ಗುರುತನ್ನು ತೆಗೆಯಬೇಕಾಗುತ್ತದೆ. ಪರದೆಯ ಮೇಲಿನ ಹೆಸರನ್ನು ಮರೆಮಾಡುವ ಗುಂಡಿಯು ಕಡತದಲ್ಲಿರುವ ಹೆಸರನ್ನು ಅಳಿಸುವುದಿಲ್ಲ. ಅದಕ್ಕೆ ಗುರುತು ತೆಗೆಯುವ ಪ್ರತ್ಯೇಕ ಆಯ್ಕೆಯನ್ನು ಬಳಸಿ ಹೊಸ ಕಡತವನ್ನು ಉಳಿಸಬೇಕು. ಹೆಸರಿನ ಜೊತೆಗೆ ಗುರುತಿನ ಸಂಖ್ಯೆ, ಜನ್ಮದಿನಾಂಕ, ವೈದ್ಯರ ಹೆಸರು, ಆಸ್ಪತ್ರೆಯ ಹೆಸರು ಹಾಗೂ ತಯಾರಕರ ಖಾಸಗಿ ಟ್ಯಾಗ್‌ಗಳೂ ಗುರುತನ್ನು ಹೊರಗೆಡಹಬಲ್ಲವು. ಯಾವ ಟ್ಯಾಗನ್ನು ತೆಗೆಯಬೇಕು, ಯಾವುದನ್ನು ಬದಲಿಸಬೇಕು ಎಂಬ ಪಟ್ಟಿ ಡೈಕಾಮ್ ಮಾನದಂಡದ 15ನೇ ಭಾಗದಲ್ಲಿದೆ. ಅಲ್ಟ್ರಾಸೌಂಡ್ ಚಿತ್ರಗಳಲ್ಲಿ ರೋಗಿಯ ಹೆಸರು ಚಿತ್ರದ ಪಿಕ್ಸೆಲ್‌ಗಳಲ್ಲಿಯೇ ಅಚ್ಚಾಗಿರುವುದು ಸಾಮಾನ್ಯ. ಟ್ಯಾಗ್‌ಗಳನ್ನು ತೆಗೆದರೂ ಅದು ಉಳಿಯುವುದರಿಂದ ಆ ಭಾಗವನ್ನು ಪ್ರತ್ಯೇಕವಾಗಿ ಮುಚ್ಚಬೇಕು. ತಲೆಯ ಸ್ಕ್ಯಾನ್‌ನಿಂದ ಮೂರು ಆಯಾಮದ ಪುನರ್ರಚನೆ ಮಾಡಿದಾಗ ಮುಖಚಹರೆ ಮೂಡುವುದೂ ಗೌಪ್ಯತೆಯ ಪ್ರಶ್ನೆಯಾಗಿದೆ. ಭಾರತದಲ್ಲಿ ಇಂತಹ ಮಾಹಿತಿಯ ಬಳಕೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಬಂಧಿಸಿದೆ.

ಕಡತದ ಆರಂಭದ 128 ಬೈಟ್‌ಗಳಲ್ಲಿ ಏನಿರಬೇಕೆಂದು ಮಾನದಂಡವು ವಿಧಿಸಿಲ್ಲ. ಈ ಭಾಗವನ್ನು ಬಳಸಿಕೊಂಡು ಡೈಕಾಮ್ ಕಡತವು ಚಿತ್ರವಾಗಿಯೂ ಹಾನಿಕಾರಕ ಪ್ರೋಗ್ರಾಂ ಆಗಿಯೂ ವರ್ತಿಸುವಂತೆ ಮಾಡಬಹುದೆಂದು 2019ರಲ್ಲಿ ತೋರಿಸಲಾಯಿತು. ಹೊರಗಿನಿಂದ ಬಂದ ಸಿ.ಡಿ.ಯಲ್ಲಿನ ವೀಕ್ಷಕವನ್ನು ನೇರವಾಗಿ ಚಾಲೂ ಮಾಡುವ ಬದಲು ಗಣಕದಲ್ಲಿ ಈಗಾಗಲೇ ಅಳವಡಿಸಿದ ವೀಕ್ಷಕದಿಂದ ತೆರೆಯುವುದು ಹೆಚ್ಚು ಸುರಕ್ಷಿತ.

ಕನ್ನಡ ಲಿಪಿಯ ಬಳಕೆ

ಡೈಕಾಮ್ ಕಡತದಲ್ಲಿ ಬಳಸಿರುವ ಲಿಪಿಯ ಸಂಕೇತವನ್ನು (0008,0005) ಎಂಬ ಟ್ಯಾಗ್ ಸೂಚಿಸುತ್ತದೆ. ಇದು ಖಾಲಿಯಿದ್ದರೆ ಮೂಲ ರೋಮನ್ ಅಕ್ಷರಗಳನ್ನಷ್ಟೇ ಬಳಸಲಾಗಿದೆ ಎಂದು ತಿಳಿಯಬೇಕು. ಗ್ರೀಕ್, ಅರೇಬಿಕ್, ಥಾಯ್ ಮೊದಲಾದ ಲಿಪಿಗಳಿಗೆ ಮಾನದಂಡದಲ್ಲಿ ಪ್ರತ್ಯೇಕ ಸಂಕೇತಗಳಿವೆ, ಕನ್ನಡಕ್ಕೆ ಇಲ್ಲ. ಆದ್ದರಿಂದ ರೋಗಿಯ ಹೆಸರನ್ನು ಕನ್ನಡದಲ್ಲಿ ಬರೆಯಲು ಯುಟಿಎಫ್-8 ಸಂಕೇತವನ್ನು ಸೂಚಿಸುವ 'ಐಎಸ್ಒ-ಐಆರ್ 192' ಎಂಬ ಮೌಲ್ಯವನ್ನು ಬಳಸಲಾಗುತ್ತದೆ. ಯಂತ್ರ, ಸಂಗ್ರಹ ವ್ಯವಸ್ಥೆ ಮತ್ತು ವೀಕ್ಷಕ ಮೂರೂ ಇದನ್ನು ಬೆಂಬಲಿಸಿದರೆ ಮಾತ್ರ ಹೆಸರು ಸರಿಯಾಗಿ ಮೂಡುತ್ತದೆ. ಇಲ್ಲವಾದರೆ ಪ್ರಶ್ನಾರ್ಥಕ ಚಿಹ್ನೆಗಳು ಅಥವಾ ಅರ್ಥವಿಲ್ಲದ ಅಕ್ಷರಗಳು ಕಾಣಿಸುತ್ತವೆ. ರೋಮನ್ ಲಿಪಿಯಲ್ಲಿ ಒಂದೇ ಕನ್ನಡ ಹೆಸರನ್ನು ಹಲವು ಬಗೆಯಲ್ಲಿ ಬರೆಯಬಹುದಾದುದರಿಂದ, ಹಳೆಯ ಅಧ್ಯಯನಗಳನ್ನು ಹುಡುಕುವಾಗ ಹೆಸರಿಗಿಂತ ಗುರುತಿನ ಸಂಖ್ಯೆ ಹೆಚ್ಚು ವಿಶ್ವಾಸಾರ್ಹವಾಗಿದೆ.

ಮಿತಿಗಳು

ಉಚಿತವಾಗಿ ದೊರೆಯುವ ಎಲ್ಲ ವೀಕ್ಷಕಗಳೂ ಚಿಕಿತ್ಸೆಯ ಬಳಕೆಗೆ ಮಾನ್ಯತೆ ಪಡೆದಿರುವುದಿಲ್ಲ. 3ಡಿ ಸ್ಲೈಸರ್ ಸಂಶೋಧನೆಗಾಗಿ ರೂಪುಗೊಂಡಿದ್ದು, ಚಿಕಿತ್ಸಾ ಬಳಕೆಗೆ ಅನುಮೋದನೆ ಪಡೆದಿಲ್ಲವೆಂದು ಅದರ ಅಭಿವೃದ್ಧಿಕಾರರೇ ತಿಳಿಸಿದ್ದಾರೆ. ತಂತ್ರಾಂಶವು ಸರಿಯಾಗಿದ್ದರೂ ಪರದೆಯ ಗುಣಮಟ್ಟ ಮುಖ್ಯವಾಗುತ್ತದೆ. ಬೂದು ಛಾಯೆಗಳು ಎಲ್ಲ ಪರದೆಗಳಲ್ಲೂ ಒಂದೇ ರೀತಿ ಕಾಣುವಂತೆ ಮಾಡುವ ಪ್ರದರ್ಶನ ಸೂತ್ರವನ್ನು ಮಾನದಂಡದ 14ನೇ ಭಾಗದಲ್ಲಿ ನೀಡಲಾಗಿದೆ. ಮನೆಯ ಗಣಕ ಅಥವಾ ಮೊಬೈಲ್ ಪರದೆಗಳನ್ನು ಸಾಮಾನ್ಯವಾಗಿ ಈ ಸೂತ್ರಕ್ಕೆ ಹೊಂದಿಸಿರುವುದಿಲ್ಲ. ಅವು ಚಿತ್ರಗಳ ಪರಿಚಯಕ್ಕೆ ಮತ್ತು ಅಧ್ಯಯನಕ್ಕೆ ಸಾಕಾಗುತ್ತವೆಯಾದರೂ ರೋಗನಿರ್ಣಯಕ್ಕೆ ಬಳಸುವ ಪರದೆಗಳಿಗೆ ಸಮಾನವಲ್ಲ.